ವಂದನಾರ್ಪಣೆಗೆ ಕಾದ ಮಿಕ್ಸರು

ಸಭಾಂಗಣದ ಹಿಂದಿನ ಮೂಲೆಯಲ್ಲಿ ಕೂತು ಎಲ್ಲರ ದನಿಯನ್ನೂ ಹದಕ್ಕೆ ತರುತ್ತಿದ್ದ ಸೌಂಡ್ ಮಿಕ್ಸರಿಗೆ ಇದ್ದದ್ದು ಒಂದೇ ಆಸೆ ನೋಡಿ: ವಂದನಾರ್ಪಣೆಯಲ್ಲಿ ತನ್ನ ಹೆಸರೂ ಒಮ್ಮೆ ಬರಬೇಕು. ಶಾಮಿಯಾನದವರು, ಹೂವಿನವರು, ಉಪ್ಪಿಟ್ಟು ಮಾಡಿದವರು, ಎಲ್ಲರ ಹೆಸರೂ ಬರುತ್ತಿತ್ತು, ಅದರದೊಂದು ಬಿಟ್ಟು. ಒಂದು ಸಂಜೆ ಅದು ನಾಚಿಕೆ ಬಿಟ್ಟು ಮೈಕನ್ನು ಕೇಳಿಯೇಬಿಟ್ಟಿತು.

“ಮೈಕಣ್ಣ, ಇವತ್ತಾದರೂ ನನ್ನ ಹೆಸರು ಹೇಳಿಬಿಡು.”

“ನಿನ್ನದೇ? ಜನರನ್ನು ನಗಿಸುವವನು ನಾನು, ಅಳಿಸುವವನು ನಾನು. ಗುಂಡಿ ತಿರುಗಿಸುವುದೂ ಒಂದು ಕಲೆಯೇನಯ್ಯ?”

“ಕಲೆಯಲ್ಲ, ಕೆಲಸ. ಆದರೆ ಅದಿಲ್ಲದೆ ನಿನ್ನ ಮಾತು ಮೂರನೇ ಸಾಲು ದಾಟುವುದಿಲ್ಲ. ಸ್ಪೀಕರಿನ ಮುಂದೆ ಮಾತ್ರ ಹೋಗಬೇಡ, ಕಿರುಚಿಕೊಳ್ಳುತ್ತೀಯೆ.”

ಹೇಳಿದ್ದೇ ತಪ್ಪಾಯಿತು. ಮೈಕು ಬೀಗುತ್ತ ನೇರವಾಗಿ ಸ್ಪೀಕರಿನ ಮುಂದೆಯೇ ಹೋಗಿ ನಿಂತಿತು. ಕುಂಯ್ ಎಂದು ಎದ್ದ ಸದ್ದಿಗೆ ಜನ ಕಿವಿ ಮುಚ್ಚಿಕೊಂಡರು. ಮಿಕ್ಸರು ಕಣ್ಣು ಮಿಟುಕಿಸುವುದರೊಳಗೆ ಅದನ್ನು ಅಡಗಿಸಿತು.

ಮೈಕು ನಕ್ಕಿತು: “ಕ್ಷಮಿಸಿ ಮಹಾಜನರೇ, ನಮ್ಮ ಮಿಕ್ಸರ್ ಮಹಾಶಯರಿಗೂ ಹಾಡುವ ಚಪಲ!”

ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆ ಮಾತಿಗೇ. ಒಂದಕ್ಷರವೂ ಒಡೆಯದೆ ಅದು ಕೊನೆಯ ಸಾಲಿನವರೆಗೂ ಕೇಳುವಂತೆ ಮಿಕ್ಸರೇ ನೋಡಿಕೊಂಡಿತ್ತು.