ಎಡ ಕಾರ್ನರ್‌ನ ಚೆಲುವರಾಜು

ಹದಿನಾರು ವರ್ಷ ಕಬಡ್ಡಿ ಆಡಿದ ಮೇಲೆ ಚೆಲುವರಾಜು ಒಂದು ಬೆಳಿಗ್ಗೆ ತನ್ನ ಗುರುವನ್ನು ಕಾಣಲು ಹೊಳೆದಂಡೆಗೆ ಬಂದ.

ಗುರು ಜವರಪ್ಪನವರಿಗೆ ಆಗ ಎಪ್ಪತ್ತಾರು. ಹೊಳೆಯ ಪಕ್ಕ ಮಣ್ಣು ಹದ ಮಾಡಿದ ಒಂದು ಅಂಕಣ, ಅದರ ಅಂಚಿಗೆ ಒಂದು ಚಪ್ಪರ. ಅವರ ಆಶ್ರಮವೆಂದರೆ ಅಷ್ಟೇ. ಶಿಷ್ಯರೆಲ್ಲ ಅಭ್ಯಾಸ ಮುಗಿಸಿ ಹೊರಟುಹೋಗಿದ್ದರು. ಅವರೊಬ್ಬರೇ ಅಂಕಣಕ್ಕೆ ನೀರು ಚಿಮುಕಿಸುತ್ತಿದ್ದರು.

ಚೆಲುವರಾಜು ಕಾಲು ಮುಟ್ಟಿ ನಮಸ್ಕರಿಸಿದ.

“ಈಗ ಯಾವ ತಂಡದಲ್ಲಿದ್ದೀಯಪ್ಪ?”

“ಯಾವುದರಲ್ಲೂ ಇಲ್ಲ ಮೇಷ್ಟ್ರೇ. ಮೊನ್ನೆ ಕೈಬಿಟ್ರು.”

ಕೈಬಿಟ್ಟದ್ದು ಅವನ ಒಂಬತ್ತನೆಯ ತಂಡ. ರೇಷ್ಮೆ ಕಾರ್ಖಾನೆಗೆ ಆಡಿದ್ದ, ಬಸ್ ಡಿಪೋಗೆ ಆಡಿದ್ದ, ಹೆಸರೂ ನೆನಪಿಲ್ಲದ ಸಂಘಗಳಿಗೆ ಆಡಿದ್ದ. ಎಲ್ಲಿ ಎಡ ಕಾರ್ನರ್ ಖಾಲಿಯಿದೆ ಅನ್ನುತ್ತಾರೋ ಅಲ್ಲಿಗೆ ಚೀಲ ಹೆಗಲಿಗೇರಿಸಿ ಹೋಗುತ್ತಿದ್ದ. ಕಾರ್ನರ್‌ನಲ್ಲಿ ನಿಂತವನ ಕೆಲಸ, ಉಸಿರು ಬಿಗಿಹಿಡಿದು ನುಗ್ಗಿ ಬರುವ ರೈಡರ್‌ನ ಕಾಲು ಹಿಡಿಯುವುದು. ಜನ ಮಾತ್ರ ರೈಡರ್‌ನ ಹೆಸರನ್ನೇ ಕೂಗುತ್ತಾರೆ.

ರಾಜ್ಯ ತಂಡದ ಆಯ್ಕೆಗೆ ಐದು ಸಲ ಹೋಗಿದ್ದ. ಒಮ್ಮೆ ಹೆಸರು ಬಂತು, ಮೀಸಲು ಆಟಗಾರನಾಗಿ. ಏಳು ದಿನ ಬೆಂಚಿನ ಮೇಲೆ ಕೂತು, ಬೆವರೇ ತಾಗದ ಜರ್ಸಿ ಮಡಿಸಿಕೊಂಡು ವಾಪಸ್ ಬಂದಿದ್ದ. ಮಗಳು ಹುಟ್ಟಿದ್ದು ಆ ಏಳು ದಿನಗಳಲ್ಲೇ.

“ಒಂದು ಮಾತು ಕೇಳಬೇಕು,” ಅಂದ. “ನಾನು ಮೇಲೆ ಹೋಗಲ್ಲ ಅಂತ ನಿಮಗೆ ಗೊತ್ತಿತ್ತಾ?”

ಜವರಪ್ಪನವರು ಬಿಂದಿಗೆ ಕೆಳಗಿಟ್ಟರು.

“ಗೊತ್ತಿತ್ತು.”

“ಯಾವಾಗಿಂದ?”

“ನಿನಗೆ ಇಪ್ಪತ್ತು ತುಂಬಿದಾಗಿಂದ. ಕೈ ಗಟ್ಟಿ ನಿಂದು. ಕಾಲು ಒಂದು ಚೂರು ತಡ.”

ಚೆಲುವರಾಜುವಿಗೆ ಬಯ್ಯಬೇಕು ಅನ್ನಿಸಿತು. ಗುರುವನ್ನು ಬಯ್ಯುವುದು ಹೇಗೆಂದು ತಿಳಿಯಲಿಲ್ಲ.

“ಆವತ್ತೇ ಹೇಳಬಹುದಿತ್ತಲ್ಲ ಮೇಷ್ಟ್ರೇ.”

“ಹೇಳಿದ್ರೆ ಬಿಡ್ತಿದ್ಯಾ?”

ಅವನು ಹೊಳೆಯ ಕಡೆ ತಿರುಗಿದ.

“ಇಲ್ಲ,” ಅಂದ. “ಆದರೆ ಇಷ್ಟು ವರ್ಷದಲ್ಲಿ ನಾನು ಕಲಿತದ್ದಾದರೂ ಏನು? ಮೊದಲ ವರ್ಷ ನೀವು ಹೇಳಿಕೊಟ್ಟ ಅದೇ ಒಂದು ಹಿಡಿತ. ಅದರಿಂದ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ.”

ಜವರಪ್ಪನವರು ಪಂಚೆ ಎತ್ತಿ ಕಟ್ಟಿದರು.

“ಹೋಗಿ ಕಾರ್ನರ್‌ನಲ್ಲಿ ನಿಲ್ಲು.”

“ಈ ವಯಸ್ಸಲ್ಲಿ ನೀವು ರೈಡ್ ಮಾಡೋದಾ? ಬೇಡಿ ಮೇಷ್ಟ್ರೇ.”

“ನಿಲ್ಲು ಅಂದೆ.”

ಅವನು ನಿಂತ. ಮುದುಕರು ಗೆರೆ ದಾಟಿ ಬಂದರು. ಕಬಡ್ಡಿ, ಕಬಡ್ಡಿ ಎನ್ನುವ ದನಿ ತೆಳ್ಳಗೆ ನಡುಗುತ್ತಿತ್ತು. ಅವರು ಅವನ ಭುಜ ಮುಟ್ಟಿದರು. ಅವನು ಸುಮ್ಮನೆ ಮುಟ್ಟಿಸಿಕೊಂಡು ಬಿಟ್ಟುಬಿಟ್ಟ.

ಗೆರೆಯ ಆಚೆ ನಿಂತು ಅವರು ಏದುಸಿರು ಬಿಡುತ್ತ ಹೇಳಿದರು: “ನನ್ನ ಮುಖ ನೋಡಬೇಡ. ಕಾಲು ನೋಡು.”

ಮತ್ತೆ ಬಂದರು. ಈ ಸಲ ಚೆಲುವರಾಜು ಕಾಲು ನೋಡಿದ. ಬಲಗಾಲು ಒಂದು ಗೇಣು ಹೆಚ್ಚು ಮುಂದೆ ಬಂತು. ಆಮೇಲೆ ಅವನು ಯೋಚಿಸಲಿಲ್ಲ. ಮೈ ತಾನಾಗಿ ಬಗ್ಗಿತು, ಎಡಗೈ ಮೊಣಕಾಲನ್ನು ಸುತ್ತಿ ಬಿಗಿಯಿತು.

ಮುದಿ ದೇಹ ಹಿಂದಕ್ಕೆ ವಾಲಿತು. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು.

ಚೆಲುವರಾಜು ಕಣ್ಣು ಬಿಟ್ಟು ನೋಡಿದರೆ, ಅವನ ಬಲಗೈ ಗುರುವಿನ ತಲೆಯ ಕೆಳಗಿತ್ತು. ತಲೆ ನೆಲಕ್ಕೆ ತಾಗಿರಲಿಲ್ಲ. ಅವನ ಮೊಣಕೈ ತರಚಿ ರಕ್ತ ಮಣ್ಣಿಗೆ ಇಳಿಯುತ್ತಿತ್ತು.

“ಏನೂ ಆಗಲಿಲ್ಲ ತಾನೇ ಮೇಷ್ಟ್ರೇ?”

ಜವರಪ್ಪನವರು ಏಳಲಿಲ್ಲ. ಅವನ ಅಂಗೈ ಮೇಲೆಯೇ ತಲೆಯಿಟ್ಟು ಆಕಾಶ ನೋಡುತ್ತ ಮಲಗಿದ್ದರು.

“ರೈಡರ್‌ಗಳು ಬಿದ್ದಾಗೆಲ್ಲ ಹೀಗೇ ಕೈ ಕೊಡ್ತೀಯಾ?”

“ಹೂಂ. ಅದು ಹಾಗೇ ಬಂದುಬಿಡುತ್ತೆ.”

“ಯಾರು ಕಲಿಸಿದ್ದು?”

“ನೀವೇ ಅಲ್ವಾ ಮೇಷ್ಟ್ರೇ?”

“ನಾನು ಕಲಿಸಿದ್ದು ಕಾಲು ಹಿಡಿಯೋದನ್ನ ಮಾತ್ರ.”