ಐರಾಣಿ ತರಲು ಹೋದ ಗೌಡ

“ಗುರುಗಳೇ, ಹತ್ತು ಊರಿಗೆ ನೀರು ಸಿಗಲು ಒಂದು ಕೇರಿ ಮುಳುಗಿದರೆ ಅದು ಪಾಪವೇ?” ಎಂದು ಮಠದ ಶಿಷ್ಯ ಶಿವಪಾದ ಕೇಳಿದ.

ಹೊಳೆಗೆ ಅಣೆಕಟ್ಟು ಎಲ್ಲಿ ಕಟ್ಟಬೇಕೆಂಬ ತೀರ್ಮಾನವನ್ನು ಊರವರು ಮಠಕ್ಕೆ ಬಿಟ್ಟಿದ್ದರು. ಮಠ ಅವನಿಗೆ ಬಿಟ್ಟಿತ್ತು. ಮೇಲೆ ಕಟ್ಟಿದರೆ ಮಠದ ತೆಂಗಿನ ತೋಟ ಮುಳುಗುತ್ತಿತ್ತು. ಕೆಳಗೆ ಕಟ್ಟಿದರೆ ಬುಟ್ಟಿ ಹೆಣೆಯುವ ಮೇದರ ಕೇರಿ. ತೋಟದಿಂದ ದಾಸೋಹ ನಡೆಯುತ್ತದೆ, ಕೇರಿಯಿಂದ ಏನು ನಡೆಯುತ್ತದೆ ಎಂದು ಅವನು ಆಗಲೇ ತೂಗಿ ಮುಗಿಸಿದ್ದ. ಗುರುಗಳಿಂದ ಹೂಂ ಎನ್ನಿಸಿಕೊಳ್ಳುವುದಷ್ಟೇ ಬಾಕಿ.

ಗುರುಗಳು ಹೂಂ ಎನ್ನಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗೌಡನಿದ್ದ. ಅವನ ಮುಂದೆಯೂ ಹೀಗೇ ಎರಡು ಜಾಗ. ಒಂದು ಕಡೆ ಕಟ್ಟಿದರೆ ಊರಿನ ಗದ್ದೆ ಮುಳುಗುತ್ತದೆ. ಅದರಲ್ಲಿ ಅವನದೂ ಇತ್ತು. ಇನ್ನೊಂದು ಕಡೆ ಕುಂಬಾರರ ಕೇರಿ, ಅವರು ಮಣ್ಣು ತೆಗೆಯುವ ಹೊಂಡ. “ಆ ಹೊಂಡದಲ್ಲಿ ಹುಲ್ಲೂ ಹುಟ್ಟುವುದಿಲ್ಲ” ಎಂದ ಗೌಡ. ಸುಳ್ಳೇನಲ್ಲ. ಉಣ್ಣುವ ಬಾಯಿಗಳು ಗದ್ದೆಯ ಕಡೆಗೇ ಹೆಚ್ಚಿದ್ದವು. ಕುಂಬಾರರಿಗೆ ಗುಡ್ಡದ ಮೇಲೆ ಜಾಗ ಕೊಟ್ಟರು. ಕೇರಿ ಬಿಟ್ಟು ಏಳಿ ಎಂದು ಹೇಳಲು ತಳವಾರ ಹೋದ. ಗೌಡನಿಗೆ ಕೆಲಸವಿತ್ತು. ಅಂಥ ದಿನ ಎಲ್ಲ ಗೌಡರಿಗೂ ಕೆಲಸವಿರುತ್ತದೆ.

ಕಟ್ಟೆ ತುಂಬಿತು. ಊರೂರು ಬೆಳೆ ತೆಗೆದವು. ಗೌಡ ಮಗಳ ಮದುವೆ ಇಟ್ಟ. ಮದುವೆ ಎಂದಮೇಲೆ ಶಾಸ್ತ್ರಕ್ಕೆ ಇಟ್ಟು ಪೂಜಿಸುವ ಐರಾಣಿ ಮಡಕೆ ಬೇಕು. ಹೆಣ್ಣಿನ ಅಪ್ಪನೇ ವೀಳ್ಯ ಹಿಡಿದು ಕುಂಬಾರರ ಮನೆಗೆ ಹೋಗಿ ಅದನ್ನು ತರಬೇಕೆಂಬುದು ಆ ಊರಿನ ಪದ್ಧತಿ. ಅದಕ್ಕೆ ತಳವಾರನನ್ನು ಕಳಿಸುವಂತಿಲ್ಲ. ಗೌಡ ಗುಡ್ಡ ಹತ್ತಿದ.

ಕುಂಬಾರ ಮುದುಕಿ ವೀಳ್ಯವನ್ನು ಕಣ್ಣಿಗೊತ್ತಿಕೊಂಡಳು. ಅಂಗಳದಲ್ಲಿ ಮಡಕೆ ಮಾಡುವ ತಿಗರಿ ಬೋರಲು ಬಿದ್ದಿತ್ತು.

“ಇಲ್ಲಿ ಮಣ್ಣೂ ಇಲ್ಲ, ಕಲಸೋಕೆ ನೀರೂ ಇಲ್ಲ ಗೌಡ್ರೇ. ಕಲ್ಲಿನ ಐರಾಣಿ ಆಗುತ್ತೆ ಅಂದ್ರೆ ಹೇಳಿ, ಬೇಕಾದಷ್ಟಿದೆ” ಎಂದು ನಕ್ಕಳು. ಆಮೇಲೆ ಒಳಗೆ ಹೋದಳು. ಕೇರಿ ಬಿಡುವಾಗ ಮೊಮ್ಮಗಳ ಮದುವೆಗೆಂದು ತಲೆಯ ಮೇಲೆ ಹೊತ್ತು ತಂದಿದ್ದ ಮಡಕೆಗಳನ್ನು ತಂದು ಅವನ ಮುಂದಿಟ್ಟಳು.

ಗೌಡ ಮಡಕೆಗೆ ಚಾಚಿದ ಕೈ ಹಿಂದೆ ತೆಗೆದ. ಕೊನೆಗೆ, “ಒಂದು ಮಾತು ಬೈದುಬಿಡವ್ವ” ಎಂದ.

“ಮದುವೆ ವೀಳ್ಯ ತಂದೋರನ್ನ ಬೈತಾರಾ? ಕೂತ್ಕೊಳ್ಳಿ. ಅಂಬಲಿ ಇದೆ, ಉಂಡು ಹೋಗಿ.”

ಗೌಡನಿಗೆ ಕೂರಲಾಗಲಿಲ್ಲ. ಮಡಕೆ ಹೊತ್ತು ಇಳಿದ. ಎದುರಿಗೇ ಕಟ್ಟೆಯ ನೀರು ತುಂಬಿ ನಿಂತಿತ್ತು. ಮನೆ ಮುಟ್ಟುವವರೆಗೂ ಅವನು ಆ ಕಡೆ ಕಣ್ಣೆತ್ತಲಿಲ್ಲ.

ಕತೆ ಮುಗಿಯಿತು. ಶಿವಪಾದ ಸುಮ್ಮನಿರಲಾರದೆ ಕೇಳಿದ: “ಹಾಗಾದರೆ ಅವನು ಗದ್ದೆಯನ್ನೇ ಮುಳುಗಿಸಬೇಕಿತ್ತೇ?”

“ಎಲ್ಲಿ ಕಟ್ಟಬೇಕೆಂದು ನೀನೇ ನಿರ್ಧರಿಸು ಮಗು, ಕೇರಿಯೇ ಮುಳುಗಲಿ ಎಂದಾದರೆ ಏಳಿ ಎಂದು ಹೇಳುವುದಕ್ಕೂ ನೀನೇ ಹೋಗು, ಅವರು ಉಂಡು ಹೋಗಿ ಎಂದರೆ ಕೂತು ಉಂಡು ಬಾ.”