ಜೊಂಡು ಉಳಿಸುವ ಮಹಾಸಭೆ

ಮಕ್ಕಳೇ, ಈ ಕತೆ ನೆನೆಸಿಕೊಂಡರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಹೇಳುತ್ತೇನೆ, ಕೇಳಿ.

ಒಂದು ಕಾಡಿನ ಗುಡ್ಡದ ಮೇಲೆ ಒಂದು ಕೆರೆ. ಒಂದು ಕಾಲಕ್ಕೆ ಅದರ ಸುತ್ತಲೂ ಆಳೆತ್ತರ ಜೊಂಡು ಹುಲ್ಲು ಬೆಳೆದಿತ್ತು. ಎಲ್ಲರೂ ತುಳಿದು ತುಳಿದು, ಈಗ ಇಳಿಜಾರಿನ ಕಡೆಯ ದಂಡೆಯಲ್ಲಿ ಮಾತ್ರ ಉಳಿದಿತ್ತು. ಆ ಜೊಂಡಿನೊಳಗೆ ಒಂದು ನೀರುಕೋಳಿ ಗೂಡು ಕಟ್ಟಿ, ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು.

ಕಾಡಿನ ಮುಖಂಡ ಕಾಡುಕೋಣ. ಅದಕ್ಕೆ ಹೊಗಳಿಸಿಕೊಳ್ಳುವ ಹುಚ್ಚು. "ಜೊಂಡು ಉಳಿಸಲು ಮಹಾಸಭೆ ಮಾಡೋಣ. ದೇಶ ದೇಶಗಳಿಂದ ಅತಿಥಿಗಳು ಬರಲಿ!" ಎಂದಿತು.

ಹಿಮದ ನಾಡಿನಿಂದ ಬಾತುಗಳು ಬಂದವು. ಕಡಲಾಚೆಯಿಂದ ಕೊಕ್ಕರೆಗಳು ಬಂದವು. ಬಂದವರಿಗೆ ಕೂರಲು ಮೆತ್ತನೆಯ ಹಾಸು ಬೇಡವೇ? ನೆರಳಿಗೆ ಚಪ್ಪರ ಬೇಡವೇ? ಆ ಕೆಲಸ ಕಾಡುಹಂದಿಯ ಪಾಲಿಗೆ ಬಂತು. ಅದು ಮೂತಿಯಿಂದ ನೆಲ ಅಗೆದು, ಜೊಂಡನ್ನೇ ಬೇರುಸಮೇತ ಕೀಳತೊಡಗಿತು!

ನೀರುಕೋಳಿ ರೆಕ್ಕೆ ಬಡಿಯುತ್ತಾ ಅಡ್ಡ ಬಂತು. "ಹಂದಿಯಣ್ಣ, ನಿನಗೇನು ತಲೆ ಕೆಟ್ಟಿದೆಯಾ? ಇಲ್ಲಿ ನನ್ನ ಮೊಟ್ಟೆಗಳಿವೆ!"

"ನನಗೇನು ಗೊತ್ತಮ್ಮ? ಕೋಣಣ್ಣ ಹೇಳಿದ, ನಾನು ಕೀಳ್ತಾ ಇದ್ದೀನಿ. ಅವನನ್ನೇ ಕೇಳು."

ನೀರುಕೋಳಿ ಓಡಿತು. ಕೋಣ ಗಂಟಲು ಸರಿ ಮಾಡಿಕೊಂಡು ಭಾಷಣ ಒಪ್ಪಿಸಿ ನೋಡುತ್ತಿತ್ತು.

"ಕೋಣಣ್ಣ, ಹಂದಿಯನ್ನು ನಿಲ್ಲಿಸು. ನನ್ನ ಗೂಡು ಹೋಗುತ್ತದೆ!"

"ಅಯ್ಯೋ ಹುಚ್ಚಿ, ನಿನಗೋಸ್ಕರವೇ ಅಲ್ಲವೇ ಇಷ್ಟೆಲ್ಲ? ಈಗ ಗಲಾಟೆ ಮಾಡಬೇಡ. ಅತಿಥಿಗಳ ಮುಂದೆ ಮರ್ಯಾದೆ ಹೋಗುತ್ತದೆ. ಊಟ ಆದಮೇಲೆ ನಿನಗೂ ಎರಡು ಮಾತು ಆಡಲು ಬಿಡುತ್ತೇನೆ."

ಎರಡು ಮಾತಂತೆ! ನೀರುಕೋಳಿ ಮರಳಿ ಬರುವಷ್ಟರಲ್ಲಿ ಗೂಡು ಚಿಂದಿಯಾಗಿತ್ತು. ಮೊಟ್ಟೆಗಳು ಒಡೆದು ಕೆಸರಿನಲ್ಲಿ ಬಿದ್ದಿದ್ದವು. ಅದು ಅಲ್ಲೇ ನಿಂತು ಗೋಳೋ ಎಂದು ಅತ್ತಿತು. ಅಷ್ಟರಲ್ಲಿ ಸಭೆ ಶುರುವಾಗಿತ್ತು. ಕಾಡಿನ ಮೊಲ, ಆಮೆ, ಜಿಂಕೆಗಳು ತಟ್ಟುತ್ತಿದ್ದ ಚಪ್ಪಾಳೆಯ ಸದ್ದಿಗೆ ಆ ಅಳು ಯಾರಿಗೂ ಕೇಳಲಿಲ್ಲ.

ಕೋಣ ಅದೇ ದಂಡೆಯ ಮೇಲೆ, ಜೊಂಡಿನ ಹಾಸಿನ ಮೇಲೆ ನಿಂತು ಗುಡುಗಿತು: "ಜೊಂಡೇ ನಮ್ಮ ಉಸಿರು! ಒಂದು ಎಸಳನ್ನೂ ಮುಟ್ಟಲು ಬಿಡೆವು!" ಬಾತುಗಳು ತಲೆದೂಗಿದವು. ಕೊಕ್ಕರೆಗಳು "ವಾಹ್" ಎಂದವು.

ಬೇರು ಹೋದ ದಂಡೆ ಎಷ್ಟು ಹೊತ್ತು ನಿಂತೀತು? ಕೋಣ ಆವೇಶದಿಂದ ಕಾಲು ಅಪ್ಪಳಿಸಿತು ನೋಡಿ, ದಂಡೆ ಕುಸಿಯಿತು. ಕೆರೆಯ ನೀರೆಲ್ಲ ಭೋರೆಂದು ಗುಡ್ಡದಿಂದ ಕೆಳಗೆ ಹರಿದುಹೋಯಿತು. ಅತಿಥಿಗಳು ಪುರ್ರೆಂದು ಹಾರಿದರು. ಒಬ್ಬರಾದರೂ ತಿರುಗಿ ನೋಡಬೇಕಲ್ಲ!

ಕೋಣ ಕತ್ತಿನವರೆಗೂ ಕೆಸರಿನಲ್ಲಿ ಹೂತುಕೊಂಡಿತ್ತು. ಆಗಲಾದರೂ ಬುದ್ಧಿ ಬಂತೇ? ಇಲ್ಲ. "ಕೆರೆ ಯಾಕೆ ಒಡೆಯಿತು ಎಂದು ತಿಳಿಯಲು ಇನ್ನೊಂದು ಸಭೆ ಕರೆಯೋಣ," ಎಂದಿತು.

ನೀರುಕೋಳಿ ಅದರ ಮೂಗಿನ ಎದುರಿಗೇ ಬಂದು ನಿಂತಿತು.

"ಬಾಯಿ ಮುಚ್ಚು! ಕೆರೆ ಒಡೆದದ್ದು ನೀನು. ನನ್ನ ಮಕ್ಕಳನ್ನು ಕೊಂದದ್ದು ನೀನು. ಇದನ್ನು ತಿಳಿಯಲು ಯಾವ ಸಭೆ ಬೇಕು?"

ಚಪ್ಪಾಳೆ ತಟ್ಟಿದ್ದ ಮೊಲ, ಆಮೆ, ಜಿಂಕೆಗಳೆಲ್ಲ ತಲೆ ತಗ್ಗಿಸಿ ನಿಂತವು. ಕುಡಿಯಲು ಅವಕ್ಕೂ ಈಗ ಒಂದು ಹನಿ ನೀರಿರಲಿಲ್ಲ.

ನೀತಿ: ಉಳಿಸುತ್ತೇವೆಂದು ಕೂಗುವವರ ಬಾಯಿ ನೋಡಬೇಡಿ, ಕಾಲ ಕೆಳಗೆ ಏನು ಹಾಸಿಕೊಂಡಿದ್ದಾರೆ ನೋಡಿ, ನೋಡಿಯೂ ಚಪ್ಪಾಳೆ ತಟ್ಟಿದರೆ ತಪ್ಪು ನಿಮ್ಮದೂ ಹೌದು.